ಕೋಟೆಯೊಳಗಿನ ಕಂಪ್ಯೂಟರು

ವಿಶ್ವಕಿರಣಗಳಿಗೆ ರಜೆಯೆಂಬುದಿಲ್ಲ. ವಾಯುಮಂಡಲದ ಮೇಲ್ಪದರಗಳಲ್ಲಿ ಹುಟ್ಟುವ ಮ್ಯೂಆನುಗಳೆಂಬ ಕಣಗಳು ಹಗಲಿರುಳೂ ನೆಲದ ಮೇಲೆ ಸುರಿಯುತ್ತಲೇ ಇರುವುವು. ಸಮುದ್ರಮಟ್ಟದಲ್ಲಿ ಮಟ್ಟಸವಾಗಿರುವ ಒಂದು ಚದರ ಸೆಂಟಿಮೀಟರು ಜಾಗದಲ್ಲಿ ನಿಮಿಷಕ್ಕೆ ಸುಮಾರು ಒಂದರಂತೆ ಅವು ಬೀಳುತ್ತವೆ. ವಾಯುಭಾರ ಏರಿದರೆ ಈ ಎಣಿಕೆ ತುಸು ಇಳಿಯುವುದು. ವಾಯುಭಾರ ಇಳಿದರೆ ತುಸು ಏರುವುದು. ಈ ಸಂಬಂಧವನ್ನು ಸ್ವತಃ ಅಳೆದು ನೋಡಬೇಕೆಂದು ನಮ್ಮ ವಿದ್ಯಾರ್ಥಿಯೊಬ್ಬನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಣಿಕೆಯ ಉಪಕರಣವೊಂದನ್ನು ಹೂಡಿ, ಅದನ್ನು ಅಂಗೈಯಗಲದ ಒಂದು ಕಂಪ್ಯೂಟರಿಗೆ ಜೋಡಿಸಿ, ರಜೆ ಬಂದೊಡನೆ ತನ್ನ ಊರಿಗೆ ಹೋದನು.

ಊರಿಗೆ ಹೋದ ಮೇಲೆ ಒಂದು ಸಂಜೆ ಆತನು ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ಕಾಲೇಜಿನಲ್ಲಿ ದಿನವೂ ಬಳಸುತ್ತಿದ್ದ ಆಜ್ಞೆಯನ್ನೇ ಕೊಟ್ಟನು. ಎಣಿಕೆ ನಡೆಯುತ್ತಿದೆಯೇ ಎಂದು ನೋಡುವುದಷ್ಟೇ ಆತನ ಉದ್ದೇಶ. ತೆರೆಯ ಮೇಲೆ ಏನೂ ಬರಲಿಲ್ಲ. ಬಹಳ ಹೊತ್ತು ಕಾದ ಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’, ಎಂದರೆ ಕಾಯುವ ಅವಧಿ ಮುಗಿಯಿತು, ಎಂಬ ಒಂದೇ ಸಾಲು ಕಾಣಿಸಿತು. ಆತನ ಆತಂಕ ಸಹಜವೇ ಸರಿ. ಒಮ್ಮೆ ತಪ್ಪಿದ ಎಣಿಕೆಯನ್ನು ಮತ್ತೆ ಮಾಡಲಾಗದು. ಆ ದಿನದ ವಾಯುಭಾರವೂ ಆ ದಿನದ ಮ್ಯೂಆನುಗಳೂ ಮರಳಿ ಬಾರವು. ಒಡನೆಯೇ ದೂರವಾಣಿಯಲ್ಲಿ ನಮ್ಮನ್ನು ಕರೆದು, “ಸಾರ್, ಕಾಲೇಜಿನ ಫೈರ್‌ವಾಲ್ ಅಡ್ಡ ಬರ್ತಿದೆ. ಅರ್ಧ ಗಂಟೆ ಅದನ್ನ ತೆಗೆಸಿಬಿಡಿ ಸಾರ್” ಎಂದನು.

ಈ ಬೇಡಿಕೆ ನ್ಯಾಯವಾದುದೇ? ದೋಷ ಗೋಡೆಯಲ್ಲಿಯೇ ಇದೆಯೆಂದು ಆತನಿಗೆ ಹೇಗೆ ತಿಳಿಯಿತು? ಇದನ್ನು ವಿಚಾರಿಸುವುದಕ್ಕೆ ಮೊದಲು ದೂರದ ಕಂಪ್ಯೂಟರನ್ನು ತಲಪುವ ಮಾರ್ಗ ಎಂಥದೆಂಬುದನ್ನು ಅರಿಯಬೇಕು.

ಗುಟ್ಟಿನ ಮಾತುಕತೆ

ದೂರದ ಕಂಪ್ಯೂಟರನ್ನು ಕುಳಿತಲ್ಲಿಂದಲೇ ನಡೆಸುವ ಉಪಾಯ ಹಳೆಯದು. ಆದರೆ ಮೊದಲಿನ ಟೆಲ್ನೆಟ್ ಎಂಬ ಪದ್ಧತಿಯಲ್ಲಿ ಬಳಸುವವನ ಹೆಸರು, ಪಾಸ್‌ವರ್ಡು, ಆಜ್ಞೆ ಎಲ್ಲವೂ ತೆರೆದ ಅಂಚೆಕಾರ್ಡಿನಂತೆ ತಂತಿಯ ಮೇಲೆ ಸಾಗುತ್ತಿದ್ದವು. ನಡುದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಕದ್ದರು. ಇದರಿಂದ ಎಚ್ಚೆತ್ತು ಅಲ್ಲಿಯ ತಾತು ಯುಲೋನೆನ್ ಎಂಬವರು ಅದೇ ವರ್ಷ ರಚಿಸಿದ ಪದ್ಧತಿಯೇ ಎಸ್‌ಎಸ್‌ಎಚ್. ಎರಡು ಕಂಪ್ಯೂಟರುಗಳ ನಡುವಣ ಮಾತನ್ನೆಲ್ಲ ಅದು ಸಂಕೇತಲಿಪಿಗೆ ತಿರುಗಿಸಿಬಿಡುವುದು.

ಸಂಕೇತಲಿಪಿಗೆ ಇಬ್ಬರಿಗೂ ತಿಳಿದ ಒಂದು ಗುಟ್ಟು ಬೇಕಷ್ಟೆ. ಕಳ್ಳನು ಕೇಳುತ್ತಿರುವ ತಂತಿಯ ಮೇಲೆಯೇ ಆ ಗುಟ್ಟನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಡಿಫಿ ಮತ್ತು ಹೆಲ್ಮನ್ ಎಂಬವರು ೧೯೭೬ರಲ್ಲಿ ಇದಕ್ಕೆ ಒಂದು ದಾರಿಯನ್ನು ಪ್ರಕಟಿಸಿದರು. ವಾಚಕರು ಕಾಗದ ಪೆನ್ಸಿಲು ಹಿಡಿದು ತಾವೇ ಮಾಡಿ ನೋಡಬಹುದು. ೩ ಮತ್ತು ೧೭ ಎಂಬ ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ನಮ್ಮ ಗುಟ್ಟು ೬, ನಿಮ್ಮ ಗುಟ್ಟು ೭ ಎಂದಿಟ್ಟುಕೊಳ್ಳೋಣ. ೩ರ ೬ನೆಯ ಘಾತವನ್ನು ೧೭ರಿಂದ ಭಾಗಿಸಿ ಉಳಿದ ಶೇಷ ೧೫ನ್ನು ನಾವು ನಿಮಗೆ ಕಳುಹಿಸುತ್ತೇವೆ. ೩ರ ೭ನೆಯ ಘಾತದಿಂದ ಹಾಗೆಯೇ ಉಳಿದ ೧೧ನ್ನು ನೀವು ನಮಗೆ ಕಳುಹಿಸುತ್ತೀರಿ. ನಾವು ೧೧ರ ೬ನೆಯ ಘಾತವನ್ನು ೧೭ರಿಂದ ಭಾಗಿಸಿದರೆ ಶೇಷ ೮. ನೀವು ೧೫ರ ೭ನೆಯ ಘಾತವನ್ನು ಭಾಗಿಸಿದರೂ ಶೇಷ ೮. ಈ ೮ ತಂತಿಯ ಮೇಲೆ ಒಮ್ಮೆಯೂ ಸಾಗಲಿಲ್ಲ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕಳ್ಳನು ಊಹಿಸಿಯಾನು. ನೂರಾರು ಅಂಕೆಗಳ ಸಂಖ್ಯೆಗಳಾದರೆ ಅವನ ಆಟ ನಡೆಯದು.

ಆದರೆ ಇಲ್ಲೊಂದು ಕೊರತೆಯುಂಟು. ಗುಟ್ಟನ್ನು ಹಂಚಿಕೊಂಡದ್ದು ಯಾರೊಡನೆ ಎಂಬುದನ್ನು ಈ ಲೆಕ್ಕ ತಿಳಿಸಲಾರದು. ಆದುದರಿಂದ ಎಸ್‌ಎಸ್‌ಎಚ್ ಪದ್ಧತಿಯಲ್ಲಿ ಪ್ರತಿಯೊಂದು ಕಂಪ್ಯೂಟರಿಗೂ ಅದರದೇ ಆದ ಒಂದು ಗುರುತಿನ ಕೀಲಿಯಿರುವುದು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ವಿಳಾಸ, ಬಾಗಿಲು, ಕಾವಲು

ಅಂತರ್ಜಾಲದಲ್ಲಿ ಮಾತು ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳಾಗಿ ಸಾಗುವುದು. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಎರಡು ಸಂಗತಿಗಳು ಬರೆದಿರುತ್ತವೆ: ಸೇರಬೇಕಾದ ಕಂಪ್ಯೂಟರಿನ ವಿಳಾಸ, ಆ ಕಂಪ್ಯೂಟರಿನಲ್ಲಿ ತಟ್ಟಬೇಕಾದ ಬಾಗಿಲಿನ ಸಂಖ್ಯೆ. ಈ ಬಾಗಿಲಿಗೆ ಪೋರ್ಟು ಎಂದು ಹೆಸರು. ಪೋರ್ಟುಗಳ ಸಂಖ್ಯೆ ೬೫,೫೩೫ರ ವರೆಗೂ ಇರಬಹುದು. ಎಸ್‌ಎಸ್‌ಎಚ್‌ಗೆ ೨೨ನೆಯದನ್ನು ಗೊತ್ತುಮಾಡಿದ್ದಾರೆ. ಕಡತಗಳನ್ನು ಸಾಗಿಸುವ ಹಳೆಯ ಪದ್ಧತಿಯೊಂದರ ೨೧ಕ್ಕೂ ಟೆಲ್ನೆಟ್ಟಿನ ೨೩ಕ್ಕೂ ನಡುವೆ ಅದು ತೆರವಾಗಿದ್ದಿತು.

ವಿಳಾಸಗಳ ವಿಷಯದಲ್ಲಿ ಒಂದು ತೊಡಕಿದೆ. ಹಳೆಯ ಪದ್ಧತಿಯ ವಿಳಾಸವು ೩೨ ದ್ವಿಮಾನ ಅಂಕೆಗಳದು. ಹೀಗಾಗಿ ಒಟ್ಟು ಸುಮಾರು ೪೨೯ ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಜಗತ್ತಿಗೆಲ್ಲ ಇವು ಸಾಲವು. ಆದಕಾರಣ ೧೦ರಿಂದ ಮೊದಲಾಗುವ ವಿಳಾಸಗಳು, ೧೯೨.೧೬೮ರಿಂದ ಮೊದಲಾಗುವವು, ಇನ್ನು ಕೆಲವು, ಹೀಗೆ ಒಂದಷ್ಟನ್ನು ಯಾವ ಸಂಸ್ಥೆ ಬೇಕಾದರೂ ತನ್ನ ಒಳಗೆ ಬಳಸಿಕೊಳ್ಳಲೆಂದು ಬಿಟ್ಟಿದ್ದಾರೆ. ಇವು ವಿದ್ಯಾರ್ಥಿನಿಲಯದ ಕೊಠಡಿಯ ಸಂಖ್ಯೆಯಂತೆ. ‘೪೦ನೆಯ ಕೊಠಡಿ’ ಎಂದರೆ ನಿಲಯದ ಒಳಗೆ ಎಲ್ಲರಿಗೂ ತಿಳಿಯುವುದು. ಊರ ಬಸ್‌ನಿಲ್ದಾಣದಲ್ಲಿ ನಿಂತು ಅದನ್ನೇ ಕೇಳಿದರೆ ಯಾರೂ ದಾರಿ ತೋರಿಸಲಾರರು. ನಮ್ಮ ವಿದ್ಯಾರ್ಥಿಯು ಮನೆಯಿಂದ ಕರೆಯುತ್ತಿದ್ದ ವಿಳಾಸ ೧೦.೨೦.೫.೪೦ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇನ್ನು ಫೈರ್‌ವಾಲ್. ಇದು ಕೋಟೆಯ ಕಾವಲುಗಾರನಿದ್ದಂತೆ. ಸಾಮಾನ್ಯವಾಗಿ ಇದರ ಕಟ್ಟಳೆ ಇಷ್ಟು: ಒಳಗಿನವರು ಹೊರಗೆ ಮಾತು ಕಳುಹಿಸಿದರೆ ಅದನ್ನು ದಫ್ತರದಲ್ಲಿ ಬರೆದುಕೊಂಡು, ಅದಕ್ಕೆ ಬಂದ ಮರುಮಾತನ್ನು ಒಳಗೆ ಬಿಡುವುದು, ಹೊರಗಿನಿಂದ ತಾನಾಗಿ ಬಂದ ಮೊದಲ ಮಾತನ್ನು, ಅದಕ್ಕೆ ವಿಶೇಷ ಅಪ್ಪಣೆಯಿದ್ದ ಹೊರತು, ಬಿಡದಿರುವುದು. ಬಹುಮಟ್ಟಿಗೆ ಈ ಕಾವಲುಗಾರನು “ಆಗದು” ಎಂದು ಹೇಳುವುದೂ ಇಲ್ಲ. ಬಂದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸುಡುವನು. ಉತ್ತರ ಕೊಟ್ಟರೆ ಅಲ್ಲೊಂದು ಕೋಟೆಯಿದೆಯೆಂಬ ಸುಳಿವು ಕೊಟ್ಟಂತಾಗುವುದಷ್ಟೆ.

ಮೂರು ಬಗೆಯ ಸೋಲು

ಎರಡು ಕಂಪ್ಯೂಟರುಗಳು ಸಂಪರ್ಕ ಬೆಳೆಸುವುದು ಮೂರು ಮಾತುಗಳಿಂದ. ಮೊದಲನೆಯದು, “ಮಾತಾಡೋಣವೇ?” ಎಂದು ಕೇಳುವುದು; ಎರಡನೆಯದು, “ಆಗಲಿ, ನನ್ನ ಮಾತು ಕೇಳಿಸಿತೇ?” ಎನ್ನುವುದು, ಮತ್ತೆ ಮೊದಲನೆಯದು, “ಕೇಳಿಸಿತು” ಎನ್ನುವುದು. ಈ ಕ್ರಮ ಎಲ್ಲಿ ಮುರಿಯಿತೆಂಬುದರ ಮೇಲೆ ಸೋಲು ಮೂರು ಬಗೆಯಾಗುವುದು. ಸೋಲಿಗೂ ಸೋಲಿಗೂ ಇರುವ ಈ ಭೇದವನ್ನು ಗಮನಿಸುವುದೇ ದೋಷಶೋಧನೆಯ ಮೊದಲ ಪಾಠ.

ಒಂದನೆಯದು ಮೌನ. ಕೇಳಿದ ಮಾತಿಗೆ ಉತ್ತರವೇ ಬಾರದು. ಕೇಳಿದವನು ಬಿಟ್ಟು ಬಿಟ್ಟು ಹಲವು ಸಲ ಕೇಳಿ, ಕೊನೆಗೆ ಕೈಬಿಡುವನು. ವಿಳಾಸ ತಪ್ಪಿರಬಹುದು, ಯಂತ್ರ ನಿಂತಿರಬಹುದು, ಕಾವಲುಗಾರನು ಬಿಸುಟಿರಬಹುದು. ಮೌನದಿಂದ ಇವುಗಳಲ್ಲಿ ಯಾವುದೆಂದು ತಿಳಿಯದು. ಇಲ್ಲಿ ಅನೇಕರು ‘ಪಿಂಗ್’ ಎಂಬ ಆಜ್ಞೆಯಿಂದ ಯಂತ್ರವನ್ನು ಕೂಗಿ ನೋಡಿ, ಉತ್ತರ ಬಾರದಿದ್ದರೆ ಯಂತ್ರವೇ ಕೆಟ್ಟಿದೆಯೆಂದು ತೀರ್ಮಾನಿಸುವುದುಂಟು. ಇದು ಸರಿಯಲ್ಲ; ಎಷ್ಟೋ ಫೈರ್‌ವಾಲ್‌ಗಳು ಪಿಂಗನ್ನೂ ತಡೆಯುತ್ತವೆ.

ಎರಡನೆಯದು ನಿರಾಕರಣೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಉತ್ತರ ಥಟ್ಟನೆ ಬರುವುದು. ಇದು ಸೋಲಾದರೂ ಒಳ್ಳೆಯ ಸುದ್ದಿ. ಆ ವಿಳಾಸದಲ್ಲಿ ಒಂದು ಯಂತ್ರ ಎಚ್ಚರವಾಗಿದೆ. ಆದರೆ ೨೨ನೆಯ ಬಾಗಿಲಿನ ಹಿಂದೆ ಯಾರೂ ಕುಳಿತಿಲ್ಲ. ಎಸ್‌ಎಸ್‌ಎಚ್ ಸೇವೆ ನಿಂತಿರಬಹುದು, ಅದನ್ನು ಬೇರೆ ಪೋರ್ಟಿಗೆ ಬದಲಿಸಿರಬಹುದು, ಅಥವಾ ಅದು ನಾವು ಹುಡುಕುತ್ತಿರುವ ಯಂತ್ರವೇ ಅಲ್ಲದಿರಬಹುದು. ಕೆಲವು ಫೈರ್‌ವಾಲ್‌ಗಳು ತಾವೇ ಹೀಗೆ ಉತ್ತರಿಸುವುದೂ ಉಂಟು. ಆ ಸಂದೇಹವನ್ನೂ ಇಟ್ಟುಕೊಳ್ಳಬೇಕು.

ಮೂರನೆಯದು ‘ಪರ್ಮಿಷನ್ ಡಿನೈಡ್’, ಎಂದರೆ ಅಪ್ಪಣೆಯಿಲ್ಲ. ಹೊಸಬರು ಇದನ್ನು ಕಂಡು ಫೈರ್‌ವಾಲನ್ನು ಬೈಯುವುದುಂಟು. ವಾಸ್ತವವಾಗಿ ಈ ಉತ್ತರ ಬಂದಿತೆಂದರೆ ದಾರಿಯೆಲ್ಲ ಸರಿಯಾಗಿದೆ, ಸಂಕೇತಲಿಪಿಯೂ ಸಿದ್ಧವಾಗಿದೆ. ಇನ್ನುಳಿದಿರುವುದು ಬಂದವನು ಯಾರೆಂಬ ಪ್ರಶ್ನೆ ಮಾತ್ರ. ದೋಷವನ್ನು ಹುಡುಕಬೇಕಾದದ್ದು ಹೆಸರಿನಲ್ಲಿ, ಪಾಸ್‌ವರ್ಡಿನಲ್ಲಿ ಅಥವಾ ಕೀಲಿಯಲ್ಲಿ. ಆಜ್ಞೆಯ ಜೊತೆಗೆ ಒಂದು ಅಡ್ಡಗೀಟೂ ಇಂಗ್ಲಿಷಿನ ಚಿಕ್ಕ ‘ವಿ’ ಅಕ್ಷರವೂ ಸೇರಿದರೆ, ಎಸ್‌ಎಸ್‌ಎಚ್ ತಾನು ಇಡುವ ಒಂದೊಂದು ಹೆಜ್ಜೆಯನ್ನೂ ಬರೆದು ತೋರಿಸುವುದು. ಕೊನೆಯ ಸಾಲು ಯಾವುದೋ ಅಲ್ಲಿಗೆ ದೋಷ ಸಮೀಪ.

ದಾರಿಯನ್ನು ಅರ್ಧ ಮಾಡುವುದು

ನೆಲದಡಿ ಹುಗಿದ ಉದ್ದನೆಯ ತಂತಿ ಎಲ್ಲಿಯೋ ತುಂಡಾಗಿದೆಯೆಂದು ಭಾವಿಸೋಣ. ಅದರಲ್ಲಿ ೧೬ ಭಾಗಗಳಿವೆ. ಒಂದು ತುದಿಯಿಂದ ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ೧೫ ಪರೀಕ್ಷೆಗಳು ಬೇಕಾದಾವು. ನಡುವೆ ಪರೀಕ್ಷಿಸಿ, ಸರಿಯಾದ ಅರ್ಧವನ್ನು ಬಿಟ್ಟು, ಉಳಿದ ಅರ್ಧವನ್ನು ಮತ್ತೆ ನಡುವೆ ಪರೀಕ್ಷಿಸಿದರೆ ನಾಲ್ಕೇ ಪರೀಕ್ಷೆಗಳಲ್ಲಿ ದೋಷ ಸಿಕ್ಕುವುದು. ಜಾಲದ ವಿಷಯದಲ್ಲಿಯೂ ಇದೇ ನ್ಯಾಯ.

ನಮ್ಮ ವಿದ್ಯಾರ್ಥಿಯ ದಾರಿಗೆ ನಡುವಣ ಬಿಂದುವೆಂದರೆ ಕೋಟೆಯ ಗೋಡೆ. ವಿದ್ಯಾರ್ಥಿನಿಲಯದಲ್ಲಿ ಉಳಿದುಕೊಂಡಿದ್ದ ಆತನ ಗೆಳೆಯನೊಬ್ಬನು ನಮ್ಮ ಮಾತಿನಂತೆ ಕಾಲೇಜಿನ ಬೇರೊಂದು ಕಂಪ್ಯೂಟರಿನಿಂದ ಅದೇ ವಿಳಾಸವನ್ನು ಕರೆದನು. ಅಲ್ಲಿ ಗೋಡೆಯ ಅಡ್ಡಿಯಿಲ್ಲ. ಆದರೂ ಸಂಪರ್ಕ ದೊರೆಯಲಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಉತ್ತರ ಒಡನೆಯೇ ಬಂದಿತು. ಹೊರಗೆ ಮೌನ, ಒಳಗೆ ನಿರಾಕರಣೆ! ಹಾಗಾದರೆ ದೋಷ ಒಂದಲ್ಲ.

ಗೆಳೆಯನು ಪ್ರಯೋಗಶಾಲೆಗೆ ಹೋಗಿ ಆ ಚಿಕ್ಕ ಕಂಪ್ಯೂಟರಿನ ತೆರೆಯನ್ನೇ ನೋಡಿದನು. ಎಣಿಕೆ ನಡೆಯುತ್ತಲೇ ಇತ್ತು. ಬ್ಯಾಟರಿಯ ಆಸರೆಯಿದ್ದುದರಿಂದ ಒಂದು ನಿಮಿಷವೂ ತಪ್ಪಿರಲಿಲ್ಲ. ಆದರೆ ವಿಳಾಸ ೪೦ ಹೋಗಿ ೫೭ ಆಗಿದ್ದಿತು. ಹಿಂದಿನ ರಾತ್ರಿ ವಿದ್ಯುತ್ತು ಹೋಗಿ ಬಂದಾಗ, ವಿಳಾಸಗಳನ್ನು ಹಂಚುವ ಪೆಟ್ಟಿಗೆ ತನ್ನ ಹಳೆಯ ಪಟ್ಟಿಯನ್ನು ಮರೆತು ಹೊಸದಾಗಿ ಹಂಚಿದ್ದಿತು. ೪೦ನೆಯ ವಿಳಾಸ ಪಕ್ಕದ ಕೊಠಡಿಯ ಪ್ರಿಂಟರಿಗೆ ಹೋಗಿದ್ದಿತು! ಪ್ರಿಂಟರಿನಲ್ಲಿ ಎಸ್‌ಎಸ್‌ಎಚ್ ಇರಲಿಲ್ಲ. ಅದು ನಿರಾಕರಿಸಿದ್ದು ನ್ಯಾಯವೇ.

ಈಗ ಆ ಸಂಜೆಯ ಬೇಡಿಕೆಯನ್ನು ಮತ್ತೊಮ್ಮೆ ನೋಡೋಣ. ಫೈರ್‌ವಾಲನ್ನು ಅರ್ಧ ಗಂಟೆ ತೆಗೆಸಿದ್ದರೆ ಏನಾಗುತ್ತಿದ್ದಿತು? ೧೦.೨೦.೫.೪೦ ಎಂಬುದು ಒಳಗಿನ ವಿಳಾಸವಾದುದರಿಂದ ಮನೆಯಿಂದ ಹೊರಟ ಪ್ಯಾಕೆಟ್ಟು ಆಗಲೂ ಕಾಲೇಜನ್ನು ತಲಪುತ್ತಿರಲಿಲ್ಲ. ಹೇಗೋ ತಲಪಿದ್ದರೂ ಅಲ್ಲಿ ಪ್ರಿಂಟರು ಕುಳಿತಿದ್ದಿತು. ಕಾಲೇಜಿನ ಎಲ್ಲ ಕಂಪ್ಯೂಟರುಗಳ ಕಾವಲನ್ನೂ ತೆಗೆದು, ಪ್ರಯೋಜನ ಮಾತ್ರ ಸೊನ್ನೆಯಾಗುತ್ತಿದ್ದಿತು.

ಹೆಬ್ಬಾಗಿಲಿನಿಂದ ಒಳಗೆ

ಕಾಲೇಜಿನ ಜಾಲವನ್ನು ನೋಡಿಕೊಳ್ಳುವವರನ್ನು ವಿಚಾರಿಸಿದಾಗ, ಹೊರಗಿನಿಂದ ಬರುವವರಿಗಾಗಿಯೇ ಒಂದು ಕಂಪ್ಯೂಟರನ್ನು ಕಾವಲಿನಲ್ಲಿ ಇರಿಸಿದ್ದಾರೆಂದು ತಿಳಿಯಿತು. ಇದನ್ನು ಹೆಬ್ಬಾಗಿಲ ಕಂಪ್ಯೂಟರು ಎನ್ನೋಣ. ಅದಕ್ಕೆ ಹೊರಗಿನ ವಿಳಾಸವಿದೆ. ಪಾಸ್‌ವರ್ಡನ್ನು ಅದು ಒಪ್ಪುವುದಿಲ್ಲ, ಕೀಲಿಯನ್ನು ಮಾತ್ರ ಒಪ್ಪುವುದು. ಮೊದಲು ಅದನ್ನು ಹೊಕ್ಕು ಅಲ್ಲಿಂದ ಒಳಗಿನ ಯಂತ್ರಕ್ಕೆ ಹೋಗಬೇಕು. ಇಂದಿನ ಎಸ್‌ಎಸ್‌ಎಚ್‌ನಲ್ಲಿ ಇದೆಲ್ಲ ಒಂದೇ ಆಜ್ಞೆಯಲ್ಲಿ ಆಗುವುದು. ಮೇಲಾಗಿ, ಮನೆಗೂ ಪ್ರಯೋಗಶಾಲೆಗೂ ನಡುವಣ ಮಾತನ್ನು ಹೆಬ್ಬಾಗಿಲ ಕಂಪ್ಯೂಟರೂ ಓದಲಾರದು. ಚಿಕ್ಕ ಕಂಪ್ಯೂಟರಿಗೆ ಇನ್ನು ಬದಲಾಗದಂತೆ ಒಂದು ವಿಳಾಸವನ್ನು ಕಾದಿರಿಸಿದರು. ವಿದ್ಯಾರ್ಥಿಯ ಬಹಿರಂಗ ಕೀಲಿಯನ್ನು ಹೆಬ್ಬಾಗಿಲಿನಲ್ಲಿಯೂ ದಾಖಲು ಮಾಡಿಕೊಂಡರು.

ಆದರೂ ‘ಪರ್ಮಿಷನ್ ಡಿನೈಡ್’ ಎಂದು ಬಂದಿತು. ಈ ಸಲ ವಿದ್ಯಾರ್ಥಿ ಗಾಬರಿಯಾಗಲಿಲ್ಲ; ‘ವಿ’ ಸೇರಿಸಿ ಹೆಜ್ಜೆಗಳನ್ನು ಓದಿದನು. ಖಾಸಗಿ ಕೀಲಿಯ ಕಡತವನ್ನು ಪೆನ್‌ಡ್ರೈವಿನಿಂದ ಮನೆಯ ಕಂಪ್ಯೂಟರಿಗೆ ತಂದಾಗ, ಅದನ್ನು ಯಾರು ಬೇಕಾದರೂ ಓದಬಹುದಾದಂತೆ ಅನುಮತಿಗಳು ಸಡಿಲವಾಗಿದ್ದವು. ಇಂಥ ಕೀಲಿಯನ್ನು ಎಸ್‌ಎಸ್‌ಎಚ್ ಬಳಸುವುದೇ ಇಲ್ಲ. ಒಡೆಯನೊಬ್ಬನೇ ಓದಿ ಬರೆಯುವಂತೆ, ಎಂದರೆ ಕಂಪ್ಯೂಟರಿನ ಭಾಷೆಯಲ್ಲಿ ‘೬೦೦’ ಎಂದು, ಅನುಮತಿಯನ್ನು ಬಿಗಿ ಮಾಡಿದೊಡನೆ ಹೆಬ್ಬಾಗಿಲು ತೆರೆಯಿತು.

ಒಳಗಿನ ಯಂತ್ರವನ್ನು ಮುಟ್ಟುವಾಗ ಒಂದು ಪ್ರಶ್ನೆ ತೆರೆಯ ಮೇಲೆ ಬಂದಿತು: “ಈ ಯಂತ್ರದ ಪರಿಚಯ ನನಗಿಲ್ಲ, ಇದರ ಬೆರಳ ಗುರುತು ಇಂಥದು, ಮುಂದುವರಿಯಲೇ?” ಮೊದಲೇ ಹೇಳಿದ ಗುರುತಿನ ಕೀಲಿಯ ಮಾತು ಇದೇ. ನೂರಕ್ಕೆ ತೊಂಬತ್ತು ಮಂದಿ ಓದದೆಯೇ ‘ಎಸ್’ ಎಂದು ಒತ್ತಿಬಿಡುವ ಸ್ಥಳವೆಂದರೂ ಸಲ್ಲುವುದು. ಸರಿಯಾದ ಕ್ರಮವೆಂದರೆ ಆ ಗುರುತನ್ನು ಬೇರೊಂದು ದಾರಿಯಿಂದ ತಾಳೆನೋಡುವುದು. ಗೆಳೆಯನು ಪ್ರಯೋಗಶಾಲೆಯಲ್ಲಿ ಯಂತ್ರದ ಮುಂದೆ ನಿಂತು ದೂರವಾಣಿಯಲ್ಲಿ ಒಂದೊಂದೇ ಅಕ್ಷರ ಓದಿದನು. ಈತನು ಮನೆಯಲ್ಲಿ ಹೋಲಿಸಿದನು. ಒಮ್ಮೆ ಒಪ್ಪಿದ ಮೇಲೆ ಎಸ್‌ಎಸ್‌ಎಚ್ ಅದನ್ನು ನೆನಪಿಟ್ಟುಕೊಳ್ಳುವುದು. ಮುಂದೆಂದಾದರೂ “ಗುರುತು ಬದಲಾಗಿದೆ” ಎಂದು ಅದು ಎಚ್ಚರಿಸಿದರೆ, ಯಂತ್ರದ ತಂತ್ರಾಂಶವನ್ನು ಹೊಸದಾಗಿ ಹಾಕಿರಬಹುದು, ಅದೇ ವಿಳಾಸಕ್ಕೆ ಬೇರೆ ಯಂತ್ರ ಬಂದಿರಬಹುದು, ಇಲ್ಲವೇ ನಡುವೆ ಒಬ್ಬ ವೇಷಧಾರಿ ನಿಂತಿರಬಹುದು. ಯಾವುದೆಂದು ತಿಳಿಯುವ ಮೊದಲೇ ಹಳೆಯ ಗುರುತನ್ನು ಅಳಿಸಿ ಮುನ್ನಡೆಯುವುದು ಬೆಂಕಿಯ ಗಂಟೆ ಹೊಡೆದಾಗ ಗಂಟೆಯ ನಾಲಗೆಯನ್ನು ಕಟ್ಟಿದಂತೆಯೇ.

ಅಂತೂ ಸಂಪರ್ಕವಾಯಿತು, ಆದರೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕಡಿದುಹೋಗುತ್ತಿದ್ದಿತು. ಇದರ ಕಾರಣವನ್ನು ವಾಚಕರು ಊಹಿಸಬಲ್ಲರು. ಕಾವಲುಗಾರನ ದಫ್ತರ ಅನಂತವಲ್ಲ. ಬಹಳ ಹೊತ್ತು ಮಾತಿಲ್ಲದ ಸಂಪರ್ಕಗಳನ್ನು ಅವನು ಅದರಿಂದ ಅಳಿಸಿಬಿಡುವನು. ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂಬ ಒಂದು ಚಿಕ್ಕ ಪ್ಯಾಕೆಟ್ಟನ್ನು ಕಳುಹಿಸುವಂತೆ ಎಸ್‌ಎಸ್‌ಎಚ್‌ಗೆ ಹೇಳಿದ ಮೇಲೆ ಆ ತೊಂದರೆಯೂ ತಪ್ಪಿತು.

ತೆರೆದ ಬಾಗಿಲಿನ ಬೆಲೆ

ಅರ್ಧ ಗಂಟೆ ಕಾವಲಿಲ್ಲದಿದ್ದರೆ ಅಂಥ ಅಪಾಯವೇನು ಎಂದು ಕೆಲವರು ಕೇಳಬಹುದು. ೨೦೧೩ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ಸಾಧನವನ್ನು ರಚಿಸಿ, ಒಂದೇ ಕಂಪ್ಯೂಟರಿನಿಂದ ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳ ಒಂದೊಂದು ಬಾಗಿಲನ್ನು ೪೫ ನಿಮಿಷಗಳೊಳಗೆ ತಟ್ಟಿ ಮುಗಿಸಬಹುದೆಂದು ತೋರಿಸಿದರು. ಅವರದು ಸಂಶೋಧನೆ. ಇಂಥ ವೇಗ ಕಳ್ಳರ ಕೈಗೆ ಸಿಕ್ಕಿದರೆ ಏನಾದೀತೆಂಬುದು ೨೦೧೬ರಲ್ಲಿ ಕಂಡುಬಂದಿತು. ಮಿರಾಯಿ ಎಂಬ ದುಷ್ಟ ತಂತ್ರಾಂಶವು ಟೆಲ್ನೆಟ್ ಬಾಗಿಲು ತೆರೆದಿದ್ದ, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮುಂತಾದ ಲಕ್ಷಾಂತರ ಉಪಕರಣಗಳನ್ನು ಹುಡುಕಿ ವಶಪಡಿಸಿಕೊಂಡು, ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ದೊರೆಯದಂತೆ ಮಾಡಿತು.

ಒಳಗಿನ ಯಂತ್ರದಿಂದಲೇ ಹೊರಕ್ಕೆ ಸಂಪರ್ಕ ಬೆಳೆಸಿ, ಆ ಸುರಂಗದ ಮೂಲಕ ಹೊರಗಿನವರು ಒಳಬರುವ ಉಪಾಯವೂ ಎಸ್‌ಎಸ್‌ಎಚ್‌ನಲ್ಲಿದೆ. ಒಳಗಿನಿಂದ ಹೊರಟ ಮಾತಾದುದರಿಂದ ಕಾವಲುಗಾರನು ತಡೆಯನು. ಆದರೆ ಸುರಂಗವೂ ಗೋಡೆಯ ರಂಧ್ರವೇ. ಜಾಲದ ಹೊಣೆ ಹೊತ್ತವರ ಅಪ್ಪಣೆಯಿಲ್ಲದೆ ಅದನ್ನು ಕೊರೆಯುವುದು, ಕೊರೆದವನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸಲ್ಲದು.

ಅರ್ಧ ಸೆಕೆಂಡಿನ ಕಥೆ

ದೋಷವನ್ನು ತಳ್ಳಿಬಿಡದೆ ಓದುವ ಅಭ್ಯಾಸ ಎಷ್ಟು ಬೆಲೆಯುಳ್ಳದೆಂಬುದಕ್ಕೆ ೨೦೨೪ರ ಮಾರ್ಚಿ ತಿಂಗಳ ಒಂದು ಘಟನೆ ಸಾಕ್ಷಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೇರೇನೋ ಪರೀಕ್ಷೆ ನಡೆಸುತ್ತಿದ್ದಾಗ, ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶಕ್ಕೆ ಹಿಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬುದನ್ನು ಗಮನಿಸಿದರು. ಅರ್ಧ ಸೆಕೆಂಡು! ಯಾರಾದರೂ ಅಲಕ್ಷಿಸಬಹುದಾಗಿದ್ದ ಅವಧಿ. ಅವರು ಅಲಕ್ಷಿಸದೆ ಅದರ ಬೆನ್ನು ಹತ್ತಿದರು. ಕಡತಗಳನ್ನು ಸಂಕ್ಷೇಪಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದೊಳಗೆ, ಎಸ್‌ಎಸ್‌ಎಚ್ ಸೇವೆಗೇ ಕಳ್ಳಬಾಗಿಲು ಕೊರೆಯುವ ಕುಯುಕ್ತಿಯನ್ನು ಯಾರೋ ಹುದುಗಿಸಿಟ್ಟಿದ್ದರು. ಅದು ಲೋಕದ ಅಸಂಖ್ಯ ಕಂಪ್ಯೂಟರುಗಳಿಗೆ ಹರಡುವ ಮೊದಲೇ, ಮಾರ್ಚಿ ೨೯ರಂದು, ಅವರು ಎಲ್ಲರಿಗೂ ಸಾರಿದರು.

ಪ್ರಯೋಗಶಾಲೆಯಲ್ಲಿ ಓದು ನಿರೀಕ್ಷಿಸಿದಂತೆ ಬಾರದಿದ್ದಾಗ ಉಪಕರಣವನ್ನು ಕುಟ್ಟಬಾರದು, ಓದನ್ನು ತಿದ್ದಲೂಬಾರದು; ಅದು ಏನು ಹೇಳುತ್ತಿದೆಯೆಂದು ಕೇಳಬೇಕು. ನಮ್ಮ ವಿದ್ಯಾರ್ಥಿ ಆ ರಜೆಯಲ್ಲಿ ಕಲಿತದ್ದೂ ಇದನ್ನೇ. ಆತನು ಕೊನೆಗೆ ಒಳಹೊಕ್ಕು ಕಡತವನ್ನು ತೆರೆದಾಗ, ವಿದ್ಯುತ್ತು ಹೋದ ರಾತ್ರಿಯ ಎಣಿಕೆಗಳೂ ಸೇರಿದಂತೆ ಎಲ್ಲವೂ ಸಾಲಾಗಿ ನಿಂತಿದ್ದವು. ಕೋಟೆಯ ಗೋಡೆಯೂ ನಿಂತಿದ್ದಿತು.